ಉಪ್ಪು ಅವರದು, ಮಾತ್ರೆ ನನ್ನದು

ನನ್ನ ಗಂಡನ ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆಂಧ್ರದ ಆದೋನಿಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಅವರನ್ನು ಸಾಕ್ಷಾತ್ ದೇವತೆ ಅನ್ನುತ್ತಿದ್ದರು. ಹಾಗೆ ಅಂದವರಲ್ಲಿ ಒಬ್ಬರೂ ಆ ದೇವತೆಯ ಜೊತೆ ಒಂದೇ ಸೂರಿನ ಕೆಳಗೆ ಬಾಳಿದವರಲ್ಲ. ನಾನು ಬಾಳಿದೆ.

ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಆಮೇಲೆ ತಾಯಿಯೂ ತೀರಿಕೊಂಡಾಗ ಎಳೆಯ ತಮ್ಮನನ್ನು ಮಡಿಲಿಗೆ ಹಾಕಿಕೊಂಡು ಬೆಳೆಸಿದವರು. ಆ ತಮ್ಮನನ್ನೇ ನಾನು ಆಲೂರಿನಿಂದ ಬಂದು ಕಟ್ಟಿಕೊಂಡೆ. ಬೆಳಗಾಗುವ ಮುಂಚೆ ಸ್ನಾನ ಮುಗಿಸಿ, ಕೆಂಪು ಮಡಿ ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಹೊದ್ದು ಅವರು ಒಲೆಯ ಮುಂದೆ ಕೂತರೆಂದರೆ, ದೇವರ ನೈವೇದ್ಯ ಆಗುವ ತನಕ ಯಾರೂ ಅವರನ್ನು ಮುಟ್ಟುವಂತಿರಲಿಲ್ಲ. ನಾನಂತೂ ಅಡುಗೆಮನೆಯ ಹೊಸ್ತಿಲು ದಾಟುವಂತೆಯೇ ಇರಲಿಲ್ಲ. ನಾನು ಕೌತಾಳಂ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಊರಿನವರನ್ನೆಲ್ಲ ಮುಟ್ಟಿಸಿಕೊಂಡು ಬರುವವಳ ಮೈಲಿಗೆ ಒಂದು ಕೊಡ ನೀರಿನಲ್ಲಿ ಹೋಗುವಂಥದ್ದಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ನನ್ನ ಗಂಡ ಹತ್ತಿ ಮಂಡಿಯಲ್ಲಿ ಗುಮಾಸ್ತರು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಇವರು ಎಂದೇ ಬರೆಯುತ್ತೇನೆ. ಇವರು ಮಡಿಯಲ್ಲಿ ಬೇಯಿಸಿ ದೇವರಿಗೆ ತೋರಿಸಿದ ಅನ್ನವನ್ನಷ್ಟೇ ಉಣ್ಣುವವರು. ಅಂದರೆ ಅಕ್ಕ ಮಾಡಿದ್ದನ್ನಷ್ಟೇ. ನಮಗೆ ಮಕ್ಕಳಾಗಲಿಲ್ಲ. ಇವರ ಎಲೆಯ ಮೇಲೆ ನನ್ನದು ಅಂತ ಇದ್ದದ್ದು ನನ್ನ ತಾಯಿ ಪ್ರತಿ ಬೇಸಿಗೆಯಲ್ಲೂ ಮಡಿಯಲ್ಲೇ ಹಾಕಿ ಆಲೂರಿನಿಂದ ಕಳಿಸುತ್ತಿದ್ದ ಮಾವಿನ ಉಪ್ಪಿನಕಾಯಿ ಒಂದೇ. ಅದನ್ನು ಬಡಿಸುವಾಗ ಇವರು ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದರು. ಸಾರು ಬಡಿಸುವಾಗ ಅಕ್ಕನ ಮುಖ, ಪಲ್ಯ ಬಡಿಸುವಾಗ ಅಕ್ಕನ ಮುಖ, ಉಪ್ಪಿನಕಾಯಿಗೆ ನನ್ನ ಮುಖ. ಅಷ್ಟು ಸಾಲದೇ ಅಂತ ಕೇಳುವವರು ಒಮ್ಮೆ ನನ್ನ ಜಾಗದಲ್ಲಿ ನಿಂತು ನೋಡಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು. ಒಂದು ಮಳೆಗಾಲದಲ್ಲಿ ಇವರಿಗೆ ಹಿಂದಲೆ ನೋಯತೊಡಗಿತು. ಅಕ್ಕ ಸೊಂಠಿ ಅರೆದು ಪಟ್ಟು ಹಾಕಿದರು, ಕಡಿಮೆಯಾಗಲಿಲ್ಲ. ನಾನೇ ಹಟ ಮಾಡಿ ಸ್ಟೇಷನ್ ರಸ್ತೆಯ ಹಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಬುಗ್ಗೆ ಒತ್ತಿ, ಪಾದರಸದ ಕಂಬ ನೋಡಿದರು. ಮತ್ತೊಮ್ಮೆ ಒತ್ತಿದರು. ಮೂರನೇ ಸಲ ಒತ್ತುವಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

"ಚೂಡಂಡಿ, ಬಿ.ಪಿ. ನೂರಾ ತೊಂಬತ್ತು ದಾಟೈತಿ," ಅಂದರು ಡಾಕ್ಟರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. "ನೋವು ತಲ್ಯಾಗ ಐತಿ ಅಂತೀರಿ, ಪೆಟ್ಟು ಬೀಳೋದು ಎದಿಗೆ. ಗುಂಡೆ ಎಷ್ಟಂತ ತಡೀತೈತಿ? ಉಪ್ಪು ಬಿಡ್ರಿ, ಮಾತ್ರಿ ತಗೊಳ್ರಿ. ಒಂದಿನಾನೂ ತಪ್ಪಿಸಬಾರದು."

ಮನೆಗೆ ಬಂದು ಹೇಳಿದಾಗ ಅಕ್ಕ ಅಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮನನ್ನೇ ದಿಟ್ಟಿಸಿ ನೋಡಿದರು.

"ಅಪ್ಪಾನೂ ಹಿಂಗೇ ಹಿಂದಲಿ ನೋಯ್ತದ ಅಂತಿದ್ರು," ಅಂದರು. "ಒಂದಿನ ಊಟಕ್ಕ ಕೂತವರು ಎದಿ ಹಿಡ್ಕೊಂಡು ಎಲಿ ಮ್ಯಾಲೇ ಬಗ್ಗಿಬಿಟ್ರು. ಆಗ ಅವರಿಗೆ ನಿನ್ನಷ್ಟೇ ವಯಸ್ಸು, ತಮ್ಮಾ."

ಇವರು ಏನೋ ತಮಾಷೆ ಮಾಡಿ ನಗಲು ಹೋದರು, ನಗು ಬರಲಿಲ್ಲ. ನನಗೆ ಆ ಸಾವಿನ ಕಥೆ ಯಾರೂ ಹೇಳಿರಲಿಲ್ಲ. ಹೆದರಿಕೆಯಾಯಿತು, ನಿಜ. ಹೆದರಿಕೆಯ ಬೆನ್ನಿಗೇ ಸಿಟ್ಟೂ ಬಂತು. ನನ್ನ ಗಂಡನ ಎದೆಯ ಬಗ್ಗೆಯೂ ನನಗಿಂತ ಮೊದಲು, ನನಗಿಂತ ಹೆಚ್ಚು ಇವರಕ್ಕನಿಗೇ ಗೊತ್ತಿತ್ತಲ್ಲ ಅಂತ.

ಮರುದಿನ ಕೌತಾಳಂನಿಂದ ಬಂದು ನೋಡುತ್ತೇನೆ, ಗೋಡೆಯ ಮಾಡದಲ್ಲಿ ಉಪ್ಪಿನಕಾಯಿಯ ಜಾಡಿಯಿಲ್ಲ. ಪಕ್ಕದ ಮನೆಗೆ ಕೊಟ್ಟಾಗಿತ್ತು.

"ಮನ್ಯಾಗಿದ್ರ ಕಣ್ಣು ಅದರ ಮ್ಯಾಲೇ ಹೋಗ್ತದ," ಅಂದರು ಅಕ್ಕ, ನನ್ನ ಕಡೆ ತಿರುಗದೆ. "ಮದ್ಲು ಅದನ್ನ ದಾಟಿಸಿದೆ."

ಹಪ್ಪಳ ಸಂಡಿಗೆ ಇನ್ನೂ ಡಬ್ಬದಲ್ಲೇ ಇದ್ದವು. ಅವರು ಮಾಡಿಟ್ಟಿದ್ದ ನಿಂಬೆಹಣ್ಣಿನ ಉಪ್ಪಿನಕಾಯಿಯೂ ಇತ್ತು. ಅದು ಹೋದದ್ದು ನಾಲ್ಕು ದಿನ ಬಿಟ್ಟು, ನಾನು ಕೇಳಿದ ಮೇಲೆ.

ಉಪ್ಪು ಬಿಡುವುದು ಬೇರೆಯವರ ಮನೆಯಲ್ಲಿ ಸುಲಭವಿರಬಹುದು. ನಮ್ಮ ಮನೆಯಲ್ಲಿ ಊಟ ಮೊದಲು ದೇವರದು, ಆಮೇಲೆ ನಮ್ಮದು. ದೇವರಿಗೆ ಸಪ್ಪೆ ಅಡುಗೆ ತೋರಿಸುವುದುಂಟೆ? ಉಪ್ಪು ಹಾಕಿ ನೈವೇದ್ಯ ಮಾಡಿದರೆ ಅದರಿಂದ ಉಪ್ಪು ಹೊರತೆಗೆಯುವುದು ಹೇಗೆ? ನೈವೇದ್ಯ ಆಗದ ಅನ್ನವನ್ನು ಇವರು ಮುಟ್ಟುವುದಿಲ್ಲ. ಈ ತೊಡಕು ಬಿಚ್ಚುವುದು ಅಕ್ಕನಿಂದ ಆಗದು ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಡಾಕ್ಟರು ಹೇಳಿದ್ದಾರೆ ಅಂತ ನಾನೇ ಹೊರಗಿನ ಚಹಾದ ಸ್ಟವ್ ಹಚ್ಚಿ, ಇವರಿಗೆ ಬೇರೆ ಅಡುಗೆ ಮಾಡಿ ಬಡಿಸುವ ಕಾಲ ಬಂತು ಅಂದುಕೊಂಡಿದ್ದೆ.

ಅಕ್ಕ ಒಂದೇ ಬೆಳಗಿನಲ್ಲಿ ಬಿಚ್ಚಿದರು. ಹುಳಿ ಕುದಿಯುವಾಗ ಉಪ್ಪು ಬೀಳುವ ಮೊದಲೇ ಎರಡು ಸೌಟು ತೆಗೆದು ಪುಟ್ಟ ಕಲ್ಚಟ್ಟಿಯಲ್ಲಿ ಇಟ್ಟರು. ನೈವೇದ್ಯದ ಹೊತ್ತಿಗೆ ಎರಡನ್ನೂ ದೇವರ ಮುಂದಿಟ್ಟು, "ಇದು ನಿನ್ನದು, ಇದು ಅವಂದು, ಎರಡರ ಮ್ಯಾಲೂ ಕಣ್ಣಾಡಿಸು" ಅಂದರು. ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಬಾಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಅದೇ ಶಾಸ್ತ್ರ.

ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ, ಎಲ್ಲ ಕೈ ಅಂದಾಜು. ಆ ಅಂದಾಜಿನಲ್ಲೇ ಅವರು ಹುಣಸೆ, ಕೊತ್ತಂಬರಿ, ಇಂಗು, ಹುರಿದ ಶೇಂಗಾ ಪುಡಿ ಹಿಡಿದು ಆ ಸಪ್ಪೆ ಹುಳಿಗೆ ಏನೋ ಮಾಡುತ್ತಿದ್ದರು. ಇವರು ಮೊದಲ ತುತ್ತು ಬಾಯಿಗಿಟ್ಟು, "ಅಕ್ಕಾ, ಉಪ್ಪಿಲ್ಲ ಅಂತ ಗೊತ್ತೇ ಆಗ್ಲಿಲ್ಲಲ್ಲ!" ಅಂದಾಗ ನಾನು ಎಲೆಯಲ್ಲಿ ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ. ನಾನು ಮಾಡಿದ ಚಹಾಕ್ಕೆ ಒಂದು ದಿನವೂ ಇವರು ಇಷ್ಟು ಉದ್ದದ ಮಾತು ಆಡಿದವರಲ್ಲ.

ನನಗೆ ಉಳಿದದ್ದು ಮಾತ್ರೆ. ಅಕ್ಕ ಅದನ್ನು ಮುಟ್ಟುತ್ತಿರಲಿಲ್ಲ. ಯಾರು ಮಾಡಿದ್ದೋ, ಯಾವ ನೀರಿನಲ್ಲಿ ಕಲಸಿದ್ದೋ ಅಂತ ಆ ಪೊಟ್ಟಣ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ಮನೆಯ ರಾಜ್ಯ ಎರಡು ಭಾಗವಾಯಿತು. ಉಪ್ಪು ಅವರದು, ಮಾತ್ರೆ ನನ್ನದು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ನಾನು ಒಂದು ಕೈಯಲ್ಲಿ ಮಾತ್ರೆ, ಒಂದು ಕೈಯಲ್ಲಿ ನೀರು ಹಿಡಿದು ನಿಲ್ಲುತ್ತಿದ್ದೆ. ಇವರು ನುಂಗುತ್ತಿದ್ದರು. ಗಂಟಲು ಇಳಿಯುವವರೆಗೂ ನೋಡಿಕೊಂಡೇ ಹೋಗುತ್ತಿದ್ದೆ. ಹೆಂಡತಿಯೆಂಬ ಪದವಿ ನನಗೆ ನಿಜವಾಗಿ ಸಿಕ್ಕಿದ್ದು ಆಗಲೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ದೀಪಾವಳಿಯ ಹೊತ್ತಿಗೆ ಡಾಕ್ಟರು ನೋಡಿದಾಗ ಪಾದರಸ ನೂರಾ ಅರವತ್ತಕ್ಕೆ ಇಳಿದಿತ್ತು. ಹಿಂದಲೆ ನೋವು ಹೋಗಿತ್ತು. ನನ್ನ ಮುಖ ಅರಳಿತು. ಇನ್ನೇನು ಡಾಕ್ಟರು ನನ್ನನ್ನು ಹೊಗಳಬೇಕು, ಅಷ್ಟರಲ್ಲಿ ಇವರು ಸಪ್ಪೆ ಹುಳಿಯ ಕಥೆ ತೆಗೆದರು. ಕಲ್ಚಟ್ಟಿ, ದೇವರ ಮುಂದೆ ಎರಡು ಪಾತ್ರೆ, ಎಲ್ಲ. ಡಾಕ್ಟರು ಬಾಯಿ ಬಿಟ್ಟುಕೊಂಡು ಕೇಳಿದರು.

"ಭಲೇ! ಇಂಥಾ ಅಕ್ಕ ಎಲ್ಲರಿಗೂ ಇದ್ರ ನಾನು ದವಾಖಾನಿ ಮುಚ್ಚಬೇಕಾಗ್ತೈತಿ," ಅಂದರು. "ನನ್ನ ಮಾತ್ರೀದೇನು, ಆಕಿ ಕೈ ಗುಣ."

ನನ್ನ ಮಾತ್ರೀದೇನು! ತಾವೇ ಕೊಟ್ಟ ಮಾತ್ರೆಯನ್ನು ಹೀಗೆ ಬಿಟ್ಟುಕೊಡುವ ಡಾಕ್ಟರನ್ನು ನಾನು ಎಲ್ಲೂ ಕಂಡಿಲ್ಲ. ಜಟಕಾದಲ್ಲಿ ಮನೆಗೆ ಬರುವಾಗ ಇವರ ಜೊತೆ ಒಂದು ಮಾತೂ ಆಡಲಿಲ್ಲ. ಅಕ್ಕನಿಗೆ ಸುದ್ದಿ ಹೇಳುವ ಅವಸರದಲ್ಲಿದ್ದ ಇವರಿಗೆ ಅದು ಗೊತ್ತೂ ಆಗಲಿಲ್ಲ.

ನಮ್ಮ ಹೆಡ್‌ಮಾಸ್ತರ ಮಗ ಕರ್ನೂಲಿನಲ್ಲಿ ಡಾಕ್ಟರಿಕೆ ಓದುತ್ತಿದ್ದ. ರಜೆಗೆ ಬಂದಾಗ ಕೇಳಿದೆ. ನೂರಾ ಇಪ್ಪತ್ತು ಇರಬೇಕು, ಅದಕ್ಕಿಂತ ಮೇಲಿದ್ದಷ್ಟೂ ಎದೆಗೆ ಭಾರ ಅಂದ. ಅಂದರೆ ಇವರ ಎದೆಗೆ ಇನ್ನೂ ಭಾರ ಇತ್ತು. ನಮ್ಮ ಡಾಕ್ಟರಿಗೆ ಅಷ್ಟೇ ಸಾಕಾಗಿತ್ತು. ಈ ಮಾತು ಹಿಡಿದುಕೊಂಡು ನಾನು ಒಬ್ಬಳೇ ಸ್ಟೇಷನ್ ರಸ್ತೆಗೆ ಹೋದೆ.

"ನಿಮ್ಮ ಮನಿಯವರ ವಯಸ್ಸಿಗೆ ನೂರಾ ಐವತ್ತು, ಅರವತ್ತು ಆದ್ರ ಸಾಕು ಅನ್ನೋದು ನಮ್ಮ ಹಳೇ ಲೆಕ್ಕ, ಟೀಚರಮ್ಮಾ," ಅಂದರು ಡಾಕ್ಟರು. "ಹೊಸಬರು ಇನ್ನೂ ಇಳಿಸ್ರಿ ಅಂತಾರ. ಇಳಿಸೋದು ಕಷ್ಟಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟ."

"ಇವರ ತಂದಿ ಎದಿ ಹಿಡ್ಕೊಂಡು ಹೋಗ್ಯಾರ್ರೀ. ನೀವು ಇಳಿಸ್ರಿ," ಅಂದೆ.

ತಂದೆಯ ವಿಷಯ ಕೇಳಿ ಅವರು ಯೋಚಿಸಿದರು. ಕೊನೆಗೆ ಇನ್ನೊಂದು ಮಾತ್ರೆ ಬರೆದುಕೊಟ್ಟರು. ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕಿ ಒತ್ತಡ ಇಳಿಸುವ ಮಾತ್ರೆ. ನನಗೆ ಗೆದ್ದಷ್ಟು ಸಂತೋಷ. ಈಗ ನನ್ನ ಕೈಯಲ್ಲಿ ಎರಡು ಮಾತ್ರೆ.

ಅಕ್ಕ ಸುಮ್ಮನಿರುತ್ತಾರೆಯೇ? ತಮ್ಮನಿಗೆ ಎರಡನೇ ಮಾತ್ರೆ ಬಂತು ಅಂದರೆ ತಾವು ಉಪ್ಪು ಬಿಡಿಸಿದ್ದು ಸಾಲದಾಯಿತು ಅಂತ ಅವರಿಗೆ ಅರ್ಥವಾಯಿತು. ಅಲ್ಲಿಯವರೆಗೆ ಹುಳಿಯಿಂದ ಮಾತ್ರ ಹೋಗಿದ್ದ ಉಪ್ಪು ಈಗ ರೊಟ್ಟಿಯಿಂದ ಹೋಯಿತು, ಮಜ್ಜಿಗೆಯಿಂದ ಹೋಯಿತು, ಅವಲಕ್ಕಿಯಿಂದ ಹೋಯಿತು. ಊಟಕ್ಕಿದ್ದ ಮಡಿ ಇವರಿಗೆ ಭಜಿಗೆ ಇರಲಿಲ್ಲ. ಮಂಡಿಯ ಹೊರಗೆ ಮಿರ್ಚಿ ಭಜಿ ಮಾಡುವವನಿಗೆ ಅಕ್ಕ ಹೇಳಿ ಕಳಿಸಿದರು, ನಮ್ಮ ತಮ್ಮ ಬಂದರೆ ಕೊಡಬೇಡ ಅಂತ. ಅವನು ಹೆದರಿ ಇವರನ್ನು ಕಂಡರೆ ಬಾಣಲೆಗೆ ಬುಟ್ಟಿ ಮುಚ್ಚುತ್ತಿದ್ದನಂತೆ.

ಸಂಕ್ರಾಂತಿ ಕಳೆದ ಮೇಲೆ ಪಾದರಸ ನೂರಾ ಮೂವತ್ತಕ್ಕೆ ಬಂತು. ಆಮೇಲೆ ನೂರಾ ಇಪ್ಪತ್ತು. ಪ್ರತಿ ಸಲ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತು, "ಎಷ್ಟು?" ಅಂತ ಕೇಳುವರು. ನಾನು ಹೇಳುವೆ. ಅವರು ದೇವರ ಕಡೆ ತಿರುಗಿ ಕೈಮುಗಿಯುವರು, ಎಲ್ಲ ತಮ್ಮ ಕಲ್ಚಟ್ಟಿಯಿಂದಲೇ ಆದಂತೆ. ನಾನು ಖಾಲಿ ಮಾತ್ರೆ ಪೊಟ್ಟಣವನ್ನು ಅವರಿಗೆ ಕಾಣುವ ಹಾಗೆ ಕಿಟಕಿಯಲ್ಲಿಡುವೆ. ಇವರು ನಮ್ಮಿಬ್ಬರ ನಡುವೆ ಕೂತು ಪೇಪರ್ ಓದುವರು. ತಂಪಾಗಿದ್ದರು, ಸ್ವಲ್ಪ ಬಿಳಿಚಿಕೊಂಡಿದ್ದರು, ಕೂತಲ್ಲಿಂದ ಏಳುವಾಗ ಒಮ್ಮೊಮ್ಮೆ ಗೋಡೆ ಹಿಡಿಯುತ್ತಿದ್ದರು. ಅದನ್ನು ನಾನೂ ನೋಡಿದ್ದೆ, ಅಕ್ಕನೂ ನೋಡಿದ್ದರು. ಅವರು ನನ್ನ ಮಾತ್ರೆ ಅಂದುಕೊಂಡರು, ನಾನು ಅವರ ಸಪ್ಪೆ ಊಟ ಅಂದುಕೊಂಡೆ. ಇಬ್ಬರಲ್ಲಿ ಯಾರೂ ತಮ್ಮದನ್ನು ಬಿಡಲಿಲ್ಲ.

ಆ ವರ್ಷ ಯುಗಾದಿಗೇ ಬಿಸಿಲು ಸುಡುತ್ತಿತ್ತು. ಶಾಲೆಗಳು ಒಪ್ಪೊತ್ತು ಆಗಿದ್ದವು. ಹಬ್ಬವಾಗಿ ಏಕಾದಶಿ ಬಂತು. ನಮ್ಮ ಮನೆಯಲ್ಲಿ ಅಕ್ಕನಿಗೆ ಏಕಾದಶಿಯೆಂದರೆ ನಿರ್ಜಲ. ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ ಬಿಟ್ಟರೆ ಮರುದಿನ ದ್ವಾದಶಿಯ ಪಾರಣೆಯವರೆಗೆ ಒಂದು ಹನಿ ನೀರಿಲ್ಲ. ಗಂಡ ಹೋದಂದಿನಿಂದ ಜ್ವರ ಬರಲಿ, ವಾಂತಿ ಬರಲಿ, ಒಂದು ಏಕಾದಶಿಯೂ ಅವರು ನೀರು ಮುಟ್ಟಿದವರಲ್ಲ. ಮುಂಜಿಯಾದ ಮೇಲೆ ತಮ್ಮನಿಗೂ ಅದನ್ನೇ ಕಲಿಸಿದ್ದರು. ನಾನು ಮಾತ್ರ ಏಕಾದಶಿಯ ದಿನ ಕೌತಾಳಂ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವಳು. ಅದು ಅವರಿಬ್ಬರಿಗೂ ಗೊತ್ತಿತ್ತು.

ಆ ಬೆಳಿಗ್ಗೆ ನಾನು ಎಂದಿನಂತೆ ಎರಡು ಮಾತ್ರೆ ಹಿಡಿದು ನಿಂತೆ. ಡಾಕ್ಟರು ಒಂದು ದಿನವೂ ತಪ್ಪಿಸಬೇಡಿ ಅಂದಿದ್ದರಲ್ಲ. ಔಷಧಕ್ಕೆ ದೋಷವಿಲ್ಲ ಅಂತ ಅಕ್ಕ ಮೊದಲೇ ಅಪ್ಪಣೆ ಕೊಟ್ಟಿದ್ದರು. ಇವರು ಆ ಒಂದು ಉದ್ಧರಣೆ ತೀರ್ಥದಲ್ಲೇ ಎರಡನ್ನೂ ನುಂಗಿದರು. ಚಳಿಗಾಲದ ಏಕಾದಶಿಗಳು ಹಾಗೆಯೇ ದಾಟಿದ್ದವು. ನೀರು ಹೊರಹಾಕುವ ಮಾತ್ರೆ ಕೊಟ್ಟು, ಆ ಬಿಸಿಲಿನಲ್ಲಿ ದಿನವಿಡೀ ನೀರು ಕೊಡದೆ ಒಬ್ಬ ಮನುಷ್ಯನನ್ನು ಹತ್ತಿ ಮಂಡಿಗೆ ಕಳಿಸುತ್ತಿದ್ದೇವೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಮಾತ್ರೆಯ ನಿಯಮ ನನ್ನದು, ಮುಗಿಯಿತು. ನೀರಿನ ನಿಯಮ ಅವರದು, ಮುಗಿಯಿತು.

ಮಧ್ಯಾಹ್ನ ಬಸ್ಸಿಳಿದು ಓಣಿಗೆ ಬರುವಷ್ಟರಲ್ಲಿ ಮಂಡಿಯ ಒಬ್ಬ ಹಮಾಲಿ ನಮ್ಮ ಮನೆಯ ಮುಂದೆ ನಿಂತಿದ್ದ.

"ಅವ್ವಾ, ನಿಮ್ಮ ಮನಿ ಆಚಾರ್ರು ಹತ್ತಿ ಅಂಡಿಗಿ ತೂಕದ ಹತ್ರ ನಿಂತವರು ಹಂಗ ಕುಸುದು ಬಿದ್ರು," ಅಂದ. "ದವಾಖಾನಿಗೆ ಒಯ್ದಾರ. ಬಾಯಾಗ ನೀರು ಬಿಟ್ವಿ, ಹಲ್ಲು ಬಿಗಿ ಹಿಡ್ಕೊಂಡಾರವ್ವ. ಒಂದು ಹನಿ ಒಳಗ ಬಿಡವಲ್ರು."

ಹಮಾಲಿ ಅದನ್ನು ಪಾರ್ಶ್ವವಾಯು ಅಂದುಕೊಂಡಿದ್ದ. ನನಗೆ ಗೊತ್ತಿತ್ತು, ಅದು ಏಕಾದಶಿ. ಪ್ರಜ್ಞೆ ತಪ್ಪಿದರೂ ಅಕ್ಕನ ಮಾತು ತಪ್ಪಲಿಲ್ಲ ಈ ಮನುಷ್ಯ. ಆ ಗಾಬರಿಯ ನಡುವೆಯೂ ನನಗೆ ಹೊಟ್ಟೆ ಉರಿಯಿತು ಅಂದರೆ ಯಾರೂ ನಂಬುವುದಿಲ್ಲ.

ಅಕ್ಕ ಮಡಿ ಸೀರೆಯಲ್ಲೇ ನನ್ನ ಹಿಂದೆ ಬಂದರು. ಬೀದಿಯಲ್ಲಿ ಯಾರನ್ನು ಮುಟ್ಟಿದರು, ಯಾರು ಅವರನ್ನು ಮುಟ್ಟಿದರು, ನೋಡಲಿಲ್ಲ. ದವಾಖಾನೆಯಲ್ಲಿ ಇವರನ್ನು ಮಂಚದ ಮೇಲೆ ಮಲಗಿಸಿ, ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಕೈಗೆ ಸಲೈನ್ ಹಚ್ಚಿದ್ದರು. ತುಟಿ ಬೆಳ್ಳಗಾಗಿತ್ತು. ಪಾದರಸ ಎಂಬತ್ತಕ್ಕೆ ಬಂದಿತ್ತಂತೆ. ಇನ್ನೂ ಎಷ್ಟು ಇಳಿದರೆ ಏನಾಗುತ್ತಿತ್ತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಮಂಚದ ಆ ಕಡೆ ಅಕ್ಕ, ಈ ಕಡೆ ನಾನು. ಬಾಟಲಿ ಅರ್ಧ ಇಳಿಯುವ ಹೊತ್ತಿಗೆ ಇವರು ಕಣ್ಣು ಬಿಟ್ಟರು. ನಮ್ಮಿಬ್ಬರಿಗಿಂತ ಮೊದಲು ಇವರಿಗೆ ಕಾಣಿಸಿದ್ದು ಬಾಟಲಿ.

"ಇದರಿಂದ ಏಕಾದಶಿ ಮುರೀತೇನು?" ಅಂದರು.

"ಬಾಯಿಂದ ಹೋಗಿಲ್ಲ ಬಿಡ್ರಿ ಸ್ವಾಮಿ, ಕೈಯಿಂದ ಹೋಗೈತಿ," ಅಂದರು ಡಾಕ್ಟರು. ಆಮೇಲೆ ನಮ್ಮಿಬ್ಬರನ್ನು ಹೊರಗೆ ಕರೆದು ವಿಚಾರಿಸಿದರು. ಎಲ್ಲ ಕೇಳಿ ತಲೆಗೆ ಕೈ ಹಚ್ಚಿಕೊಂಡರು.

"ಏಮ್ಮಾ, ನಳದ ನೀರು ನೋಡೀರಲ್ಲ? ಜೋರು ಬಿಟ್ರ ಪೈಪು ಒಡೀತೈತಿ. ಹೆದರಿ ಪೂರಾ ಸಣ್ಣ ಮಾಡಿದ್ರ ಓಣಿ ಕೊನೀ ಮನಿಗೆ ನೀರೇ ಹತ್ತಂಗಿಲ್ಲ. ಎದಿ ಅನ್ನೋದು ಊರಿಗೆಲ್ಲ ನೀರು ಕೊಡ್ತೈತಿ, ಅದಕ್ಕೂ ಕುಡ್ಯಾಕ ಬೇಕಲ್ಲ? ಇಳಿಸ್ರಿ ಅಂದೆ, ಬತ್ತಿಸ್ರಿ ಅಂದ್ನಾ?"

"ಹಂಗಾರ ಎಷ್ಟಿರಬೇಕು?" ಅಂತ ಕೇಳಿದ್ದು ಅಕ್ಕ.

"ಅದು ನಂಗೆ ಪಕ್ಕಾ ಗೊತ್ತಿದ್ರ ಮೊದಲೇ ಹೇಳ್ತಿದ್ದೆ. ಎಷ್ಟಕ್ಕ ಇಳಿಸಿದ್ರ ಎದಿ ಉಳೀತೈತಿ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಇನ್ನೂ ಜಗಳ ಆಡ್ತಾರ. ಇವರದು ನೂರಾ ನಲವತ್ತರ ಸುತ್ತಮುತ್ತ ಹಿಡಿಯೋಣ. ಒಂದು ಚೂರು ಉಪ್ಪು ಹಾಕ್ರಿ ನೀವು. ನೀರಿನ ಮಾತ್ರಿ ಅರ್ಧ ಮಾಡ್ರಿ ನೀವು." ಒಂದೊಂದು ನೀವಿಗೂ ಒಬ್ಬೊಬ್ಬರ ಕಡೆ ಬೆರಳು ತೋರಿಸಿದರು. "ಆದ್ರ ಮಾತ್ರಿ ತಗೊಂಡ ದಿನ ನೀರು ಬೇಕೇ ಬೇಕು. ಏಕಾದಶಿ ಆಗ್ಲಿ, ಏನೇ ಆಗ್ಲಿ. ಇನ್ನೊಮ್ಮೆ ಹಿಂಗಾದ್ರ ಎದಿ ನಿಂತರೂ ನಿಲ್ಲಬಹುದು."

ನನಗೆ ಮನಸ್ಸಿನಲ್ಲೇ ಹಬ್ಬ. ಮಾತ್ರೆ ನಿಲ್ಲಲಿಲ್ಲ, ಅರ್ಧವಾಯಿತಷ್ಟೆ. ಸೋತದ್ದು ಅವರ ಏಕಾದಶಿ ಎಂದು ಲೆಕ್ಕ ಹಾಕಿದೆ. ಮುಂದಿನ ಏಕಾದಶಿಗೆ ಇವರಿಗೆ ನೀರು ಕುಡಿಸುವವಳು ನಾನು, ನನ್ನ ಕೈಯಿಂದ ಕುಡಿಯುವವರು ಇವರು. ಮಠದ ಆಚಾರ್ಯರನ್ನೂ ಕೇಳಿ ಬಂದೆ, ರೋಗಿಗಳಿಗೆ ನೀರು ಹಾಲು ದೋಷವಲ್ಲ ಅಂದರು. ಎಲ್ಲ ಬಂದೋಬಸ್ತು ಮಾಡಿಕೊಂಡೆ.

ಆ ಏಕಾದಶಿಯ ದಿನ ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆ ಮಾತ್ರೆ ಕೊಟ್ಟು ಲೋಟದ ತುಂಬ ನೀರು ಕೊಟ್ಟೆ. ಇವರು ಮಾತ್ರೆಯನ್ನು ತೀರ್ಥದಲ್ಲಿ ನುಂಗಿ ಲೋಟ ನೆಲಕ್ಕಿಟ್ಟರು.

"ಕುಡೀರಿ," ಅಂದೆ.

"ಆಮ್ಯಾಲ ನೋಡೋಣ."

ಬಿಸಿಲೇರಿತು. ಮತ್ತೆ ಕೊಟ್ಟೆ. ಮಠದ ಆಚಾರ್ಯರ ಮಾತು ಹೇಳಿದೆ. "ಅದು ರೋಗಿಗಳಿಗೆ. ನಾ ಅಡ್ಡಾಡ್ತೀನಲ್ಲ," ಅಂದರು. ಡಾಕ್ಟರ ಮಾತು ಹೇಳಿದೆ. ಎದೆ ನಿಲ್ಲುತ್ತದೆ ಅಂದೆ, ನಿಮ್ಮ ಅಪ್ಪನ ಹಾಗೆ ಅಂದೆ. ಇವರ ತುಟಿ ಒಣಗಿ ಬಿಳಿಯಾಗುತ್ತಿತ್ತು. ಒಮ್ಮೆ ಎದ್ದು ನಿಂತವರು ಹಾಗೆಯೇ ಕಂಬ ಹಿಡಿದುಕೊಂಡರು. ಕಾಲು ಹಿಡಿದೆ. ಮದುವೆಯಾದಂದಿನಿಂದ ಹಬ್ಬದ ದಿನ ಬಿಟ್ಟರೆ ಎಂದೂ ಮುಟ್ಟದ ಕಾಲು ಹಿಡಿದು, ಅಳುತ್ತಾ, "ನನ್ನ ಸಲುವಾಗಿ ಒಂದು ಗುಟುಕು ಕುಡೀರಿ," ಅಂತ ಕೇಳಿದೆ.

ಇವರಿಗೂ ಕಣ್ಣಲ್ಲಿ ನೀರು ಬಂತು. ಆದರೆ ಹೇಳಿದ್ದು ಇಷ್ಟು: "ಒಳಗ ಅಕ್ಕ ಬಾಯಿ ಒಣಗಿಸ್ಕೊಂಡು ಕೂತಾಳ. ಆಕಿ ಎದುರಿಗೆ ನಾ ಹ್ಯಾಂಗ ನೀರು ಕುಡೀಲಿ? ಗಂಟಲಾಗ ಇಳಿಯಂಗಿಲ್ಲ, ಬಿಡು."

ಅಡುಗೆಮನೆ ಅಲ್ಲೇ ಪಕ್ಕದಲ್ಲಿ. ಏಕಾದಶಿಯ ದಿನ ಒಲೆ ಹೊತ್ತುವುದಿಲ್ಲ, ಅಕ್ಕ ಒಳಗೆ ಜಪಕ್ಕೆ ಕೂತಿದ್ದರು. ಎಲ್ಲ ಕೇಳಿಸುತ್ತಿತ್ತು. ಎದ್ದು ಬಂದರು. ನೆಲದ ಮೇಲಿದ್ದ ಲೋಟವನ್ನು, ನಾನು ಬೆಳಗಿನಿಂದ ಮುಟ್ಟಿ ಮುಟ್ಟಿ ಮೈಲಿಗೆ ಮಾಡಿದ್ದ ಲೋಟವನ್ನೇ ಎತ್ತಿಕೊಂಡರು. ತಲೆ ಹಿಂದಕ್ಕೆ ಮಾಡಿ, ತುಟಿಗೆ ತಾಗಿಸದೆ ಮೇಲಿಂದ ನೀರು ಸುರಿದುಕೊಂಡರು. ಗಂಟಲು ಒಮ್ಮೆ ಒಪ್ಪದೆ ಕೆಮ್ಮು ಬಂತು. ಮತ್ತೆ ಸುರಿದುಕೊಂಡು ನುಂಗಿದರು. ಗಂಡ ಸತ್ತ ಹದಿನಾಲ್ಕರ ಹುಡುಗಿಯಾಗಿದ್ದಾಗಿನಿಂದ ಹಿಡಿದುಕೊಂಡು ಬಂದದ್ದು, ಅವರಿಗೆ ತಮ್ಮದು ಅಂತ ಇದ್ದದ್ದು ಅದೊಂದೇ. ಆ ಒಂದು ಗುಟುಕಿಗೆ ಹೋಯಿತು.

"ನಾ ಕುಡಿದೆ," ಅಂದರು. "ಈಗ ನೀ ಕುಡಿ."

ಇವರು ಎರಡೂ ಕೈಯಿಂದ ಲೋಟ ತೆಗೆದುಕೊಂಡು ಗಟಗಟ ಕುಡಿದರು. ಇನ್ನೊಂದು ಲೋಟ ಕೇಳಿದರು. ಅದನ್ನು ತುಂಬಿ ತಂದುಕೊಟ್ಟವಳು ನಾನೇ. ಆದರೆ ಕುಡಿಯುತ್ತಿದ್ದಷ್ಟು ಹೊತ್ತೂ ಇವರ ಕಣ್ಣು ಅಕ್ಕನ ಮೇಲಿತ್ತು. ಅಕ್ಕ ಹಿಂದಿರುಗಿ ಒಳಗೆ ಹೋಗಿ ದೇವರ ಮುಂದೆ ಕೂತರು. ಕ್ಷಮೆ ಕೇಳಿದರೋ ಏನು ಕೇಳಿದರೋ, ಬೆನ್ನಷ್ಟೇ ಕಾಣುತ್ತಿತ್ತು.

ಅಂದಿನಿಂದ ಪ್ರತಿ ಏಕಾದಶಿಯೂ ಹಾಗೆಯೇ ನಡೆಯಿತು. ಮೊದಲು ಅವರು, ಆಮೇಲೆ ಇವರು. ಮಠದ ಕೆಲವು ಮಡಿ ಹೆಂಗಸರು ಅಕ್ಕನ ಬಗ್ಗೆ ಮೂಗು ಮುರಿದರು, ಪಂಕ್ತಿಯಲ್ಲಿ ಸ್ವಲ್ಪ ದೂರ ಕೂತರು. ಯಾಕೆ ಅಂತ ಅಕ್ಕ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇವರು ಗಟ್ಟಿಯಾದರು. ಗೋಡೆ ಹಿಡಿಯುವುದು ನಿಂತಿತು. ತಂದೆ ಹೋದ ವಯಸ್ಸನ್ನು ದಾಟಿದರು, ಎಷ್ಟೋ ವರ್ಷ ದಾಟಿದರು.

ನನ್ನ ಗಂಡ ಉಳಿದರು. ನನಗೆ ಬೇಕಾದ್ದೂ ಅದೇ ಆಗಿತ್ತು. ಹಾಗಿದ್ದರೂ ನಾನು ಎಷ್ಟೋ ಏಕಾದಶಿ ಕೂತು 'ನನ್ನ ಹತ್ತಿರ ಏನಿದೆ ಬಿಡಲಿಕ್ಕೆ' ಅಂತ ಹುಡುಕಿದ್ದೇನೆ. ಬಸ್‌ಸ್ಟ್ಯಾಂಡಿನ ಚಹಾ ಬಿಟ್ಟರೆ ಯಾರು ಕರಗುತ್ತಾರೆ? ಅಕ್ಕನ ಉಪವಾಸದ ಮೇಲೂ, ಅದನ್ನು ಮುರಿಯಲು ಅವರಿಗೆ ಸಿಕ್ಕ ಆ ಒಂದು ಕ್ಷಣದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಇಂದಿಗೂ ಆರಿಲ್ಲ.

ಆ ಬೇಸಿಗೆಯ ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಪಾದರಸ ನೂರಾ ನಲವತ್ತರ ಹತ್ತಿರ ನಿಂತಿತ್ತು. ಅವರು ಪಟ್ಟಿ ಬಿಚ್ಚುತ್ತಾ ನನ್ನ ಕಡೆ ನೋಡಿ ನಕ್ಕರು.

"ಶಭಾಷ್ ಟೀಚರಮ್ಮಾ! ಇಷ್ಟು ಹಟಮಾರಿ ಮನುಷ್ಯನಿಗೆ ಏಕಾದಶಿ ದಿನ ನೀರು ಹ್ಯಾಂಗ ಕುಡಿಸಿದ್ರಿ?"

ವರ್ಷದಿಂದ ನಾನು ಕಾದಿದ್ದ ಮಾತು ಅದು. ನಾನು ಇವರ ಮುಖ ನೋಡಿದೆ. ಹೆಂಡತಿ ಕಾಲು ಹಿಡಿದಳು ಅಂತಲೋ, ಅತ್ತಳು ಅಂತಲೋ, ಏನಾದರೊಂದು ಹೇಳುತ್ತಾರೆ ಅಂತ ಕಾದೆ. ಇವರು ಅಂಗಿಯ ತೋಳು ಇಳಿಸಿಕೊಂಡು ಗುಂಡಿ ಹಾಕಿದರು.

"ಅಕ್ಕ ಕುಡಿದಳ್ರೀ," ಅಂದರು.

ಅಷ್ಟನ್ನೇ ಹೇಳುವಾಗ ಇವರ ಗಲ್ಲ ನಡುಗುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಮಾತಾಡುವಾಗ ಅದು ಒಮ್ಮೆಯೂ ನಡುಗಿದ್ದನ್ನು ನಾನು ಕಂಡಿಲ್ಲ.